ಹರಾರ್ ಬಸ್ಸಿನ ‘11 ಗಂಟೆ’

ಪೂರ್ವ ಇಥಿಯೋಪಿಯಾದ ಹರಾರ್‌ಗೆ ಹೋಗುವ ಬಸ್ಸಿನ ಟಿಕೆಟ್ಟಿನ ಮೇಲೆ ಪೆನ್ನಿನಲ್ಲಿ 11 ಅಂತ ಗೀಚಿತ್ತು. ಹತ್ತೂವರೆಗೇ ಬ್ಯಾಗ್ ಹೊತ್ತು ಆಡಿಸ್ ಅಬಾಬಾದ ಬಸ್ ಆಫೀಸಿನ ಮುಂದೆ ನಿಂತೆ. ಬಸ್ಸು ಬೆಳಗಿನ ಜಾವ ಐದಕ್ಕೇ ಹೋಗಿಯಾಗಿತ್ತು.

ಇಥಿಯೋಪಿಯಾದಲ್ಲಿ ಗಂಟೆ ಎಣಿಸುವುದು ಮಧ್ಯರಾತ್ರಿಯಿಂದಲ್ಲ, ಬೆಳಗಾದಾಗಿನಿಂದ. ನಮ್ಮ ಬೆಳಗಿನ 7 ಅವರಿಗೆ 1. ಮಧ್ಯಾಹ್ನದ 12 ಅವರಿಗೆ 6. ಸಂಜೆ ಆರರಿಂದ ರಾತ್ರಿಯ ಎಣಿಕೆ ಮತ್ತೆ ಶುರು, ಹಾಗಾಗಿ ರಾತ್ರಿಯ 11 ಎಂದರೆ ನಸುಕಿನ 5. ನಮ್ಮ ಪಂಚಾಂಗದ ಗಳಿಗೆ ಲೆಕ್ಕವೂ ಸೂರ್ಯೋದಯದಿಂದಲೇ ತಾನೆ? ಸಮಭಾಜಕಕ್ಕೆ ಹತ್ತಿರದ ದೇಶ, ವರ್ಷವಿಡೀ ಸೂರ್ಯ ಹೆಚ್ಚುಕಮ್ಮಿ ಆರರ ಸುಮಾರಿಗೇ ಹುಟ್ಟುತ್ತಾನೆ, ಲೆಕ್ಕ ತಪ್ಪುವುದಿಲ್ಲ. ತಪ್ಪಿದ್ದು ನಾನು. ಆದರೆ ‘ಬೆಳಿಗ್ಗೆ ಹನ್ನೊಂದಾ?’ ಅಂತ ಕೇಳಿದಾಗ ತಲೆಯಾಡಿಸಿದ ಕೌಂಟರಿನವನನ್ನು ಇನ್ನೂ ಕ್ಷಮಿಸಿಲ್ಲ. ಒಂದು ಬಿರ್ (ಅಲ್ಲಿನ ದುಡ್ಡು) ಕೂಡ ವಾಪಸ್ ಬರಲಿಲ್ಲ. ಹೊಸ ಟಿಕೆಟ್, ಜೊತೆಗೆ ಇನ್ನೊಂದು ರಾತ್ರಿಯ ರೂಮ್ ಬಾಡಿಗೆ.

ಫೋನು ತೋರಿಸುವ ಟೈಮ್ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ, ವಿಮಾನದ ಟಿಕೆಟ್ಟೂ ಅದೇ ಲೆಕ್ಕದಲ್ಲಿರುತ್ತದೆ. ತೊಂದರೆಯೆಲ್ಲ ಬಸ್ಸು, ಅಂಗಡಿ, ಬಾಯಿಮಾತಿನಲ್ಲಿ. ಇನ್ನೂ ದೊಡ್ಡ ಪೇಚು: ಕೆಲವರು ನಮ್ಮ ಮುಖ ನೋಡಿ ತಾವೇ ಆರು ಗಂಟೆ ಕೂಡಿಸಿ ಹೇಳುತ್ತಾರೆ, ನಾವು ಅದಕ್ಕೆ ಮತ್ತೆ ಆರು ಕೂಡಿಸುತ್ತೇವೆ! ‘ಹಬೇಶಾ ಟೈಮಾ, ಫರಂಜಿ ಟೈಮಾ?’ ಅಂತ ಕೇಳಿ. (ಹಬೇಶಾ ಅಂದರೆ ಅವರು, ಅಲ್ಲಿಯವರು. ಫರಂಜಿ ಅಂದರೆ ನಾವು, ಹೊರದೇಶದವರು; ನಮ್ಮ ‘ಪರಂಗಿ’ಯ ನಂಟಸ್ತಿಕೆ.) ಅದಕ್ಕಿಂತ ವಾಸಿ, ‘ಕತ್ತಲಲ್ಲೋ ಬೆಳಕಲ್ಲೋ’ ಅಂತ ಕೇಳುವುದು. ತಾರೀಕನ್ನೂ ನೋಡಿಕೊಳ್ಳಿ, ಅವರ ಕ್ಯಾಲೆಂಡರ್ ಏಳೆಂಟು ವರ್ಷ ಹಿಂದಿದೆ, ತಿಂಗಳು ಹದಿಮೂರು.

ಮರುದಿನ ನಸುಕಿಗೆ ಹತ್ತಿದೆ. ಸುಮಾರು 500 ಕಿಲೋಮೀಟರ್, ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡೇ ಇಡೀ ದಿನ. ಕಿಟಕಿ ತೆಗೆದರೆ ಯಾರಾದರೂ ಮುಚ್ಚುತ್ತಿದ್ದರು.

ಹರಾರ್‌ನ ಕೋಟೆಯೊಳಗಿನ ಹಳೇ ಊರು ಜುಗೊಲ್, 2006ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಓಣಿಗಳಲ್ಲಿ ದಾರಿ ತಪ್ಪುವುದೇ ಸುಖ, ಗೈಡ್ ಬೇಡ. ಕತ್ತೆಕಿರುಬಗಳಿಗೆ ಮಾಂಸ ತಿನ್ನಿಸುವುದನ್ನು ನೋಡಲು ‘ಒಂದು ಗಂಟೆಗೆ ಬಾ’ ಅಂದರು. ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು, ರಾತ್ರಿ ಏಳಕ್ಕೆ ಹೋದೆ. ಟಾರ್ಚು, ಮೊಬೈಲು ಹಿಡಿದ ಜನ. ಹತ್ತೇ ನಿಮಿಷಕ್ಕೆ ಸಾಕಾಯಿತು.

ಸಾಕಾಗದ್ದು ಊಟ. ಬುಧವಾರ, ಶುಕ್ರವಾರ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ; ಅಂದು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಸಣ್ಣದೊಂದು ಹೋಟೆಲಿನಲ್ಲಿ ‘ತ್ಸೋಮ್ ಬೆಯಾಯ್ನೆತು’ ಅಂದೆ, ಅಂದರೆ ಉಪವಾಸದ ಬಗೆಬಗೆಯ ಪಲ್ಯದ ತಟ್ಟೆ. ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟಿನ ಹುಳಿ ಇಂಜೆರಾ, ಥೇಟ್ ಹುದುಗು ಹೆಚ್ಚಾದ ಸೆಟ್ ದೋಸೆ, ತಟ್ಟೆ ತುಂಬ. ಅದರ ಮೇಲೆ ಬೇಳೆಯ ಕೆಂಪು ಮಿಸಿರ್, ಸೊಪ್ಪಿನ ಗೋಮೆನ್, ಎಲೆಕೋಸು, ಬೀಟ್‌ರೂಟು, ನಡುವೆ ಕುದಿಯುವ ಶಿರೊ, ಅಂದರೆ ಕಡಲೆಹಿಟ್ಟಿನ ಗಟ್ಟಿ ಸಾರು. ರಸ ಹೀರಿದ ತಳದ ಇಂಜೆರಾ ಕೊನೆಗೆ ತಿನ್ನಬೇಕು, ಅದೇ ಅಸಲು. ಮಿಕ್ಕ ದಿನ ಶಿರೊಗೆ ಬೆಣ್ಣೆ ಬಿದ್ದಿರಬಹುದು. ಸಸ್ಯಾಹಾರಿಗಳು ಆ ಎರಡು ದಿನ ಊರಲ್ಲಿರುವಂತೆ ನೋಡಿಕೊಳ್ಳಿ.

ವಾಪಸ್ ಬರುವಾಗ ದೀರೆ ದವಾದಿಂದ ವಿಮಾನ ಹಿಡಿದೆ. ಅಲ್ಲಿಯವರೆಗೆ ಮಿನಿಬಸ್ ಇದೆ, ಒಂದು ಗಂಟೆ ದಾರಿ. ಎಷ್ಟು ಹೊತ್ತಿಗೆ ಅಂತ ಕೇಳಬೇಡಿ, ಸೀಟು ತುಂಬಿದ ಮೇಲೆ ಹೊರಡುತ್ತದೆ.