ಫ್ರೀಜರ್ ರೂಮಿನ ಲೆಕ್ಕದಲ್ಲಿ ಡಿಫ್ರಾಸ್ಟ್ ಹೀಟರನ್ನು ಮರೆಯಬೇಡಿ

ಕಾಸರಗೋಡು ಕಡೆ ಕೋಲ್ಡ್ ರೂಮ್ ಕೆಲಸ ಮಾಡುವವರಿಗೆ ಜೂನ್ ಬಂತೆಂದರೆ ಫೋನ್ ಜಾಸ್ತಿ. "ಮೈನಸ್ ಹದಿನೆಂಟಕ್ಕೆ ಹೋಗುವುದೇ ಇಲ್ಲ, ಗ್ಯಾಸ್ ಕಮ್ಮಿಯಾಗಿದೆಯಾ ಎಂತ ಮಾರಾಯ್ರೇ?" ಹೋಗಿ ನೋಡಿದರೆ ಎಷ್ಟೋ ಕಡೆ ಗ್ಯಾಸ್ ಸರಿ ಇರುತ್ತದೆ, ಕಂಪ್ರೆಸರೂ ಸರಿ ಇರುತ್ತದೆ. ತಪ್ಪಿರುವುದು ಎಷ್ಟು ದೊಡ್ಡ ಮೆಷಿನ್ ಬೇಕೆಂದು ಆಯ್ಕೆ ಮಾಡಿದ ದಿನದ ಲೆಕ್ಕದಲ್ಲಿ.

ಉಪ್ಪಳದ ಹತ್ತಿರ ಮೀನು ವ್ಯಾಪಾರಿಯೊಬ್ಬರ ಫ್ರೀಜರ್ ರೂಮ್ ಇದೆ, 30 ಘನ ಮೀಟರಿನದು. ಬೇರೆಯವರು ಕೂರಿಸಿದ್ದು. ಕೇರಳದಲ್ಲಿ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಮೊದಲೇ ತುಂಬಿಟ್ಟ ಬಂಗುಡೆ, ಬೂತಾಯಿಗೆ ಒಳ್ಳೆ ರೇಟು ಬರುವುದೇ ಆಗ. ಬಾಗಿಲು ತೆಗೆದು ಹಾಕುವುದೂ ಆಗಲೇ ಜಾಸ್ತಿ. ಅಲ್ಲಿ ಟೆಂಪರೇಚರ್ ಲಾಗರ್ ಇಟ್ಟು ನೋಡಿದೆ. ಡಿಫ್ರಾಸ್ಟ್, ಅಂದರೆ ರೂಮನ್ನು ತಣ್ಣಗಾಗಿಸುವ ಕಾಯಿಲ್ ಮೇಲೆ ಕಟ್ಟಿದ ಐಸನ್ನು ಹೀಟರಿನಿಂದ ಕರಗಿಸುವುದು, ಮುಗಿದಾಗ ರೂಮ್ ಮೈನಸ್ 11. ನಿಧಾನಕ್ಕೆ ಇಳಿದು ಮೈನಸ್ 16 ಮುಟ್ಟುವಾಗ ಮುಂದಿನ ಡಿಫ್ರಾಸ್ಟ್ ಶುರು. ಮಧ್ಯೆ ಕಂಪ್ರೆಸರ್ ಒಮ್ಮೆಯೂ ನಿಂತಿರಲಿಲ್ಲ.

ಹಳೇ ಕೊಟೇಶನ್ ತರಿಸಿ ಓದಿದೆ. ಗೋಡೆ, ಬಾಗಿಲು, ಮೀನು, ಫ್ಯಾನ್, ಲೈಟ್ ಎಲ್ಲ ಸೇರಿ ದಿನಕ್ಕೆ 60 ಯೂನಿಟ್ (ಕಿಲೋವಾಟ್-ಗಂಟೆ) ಶಾಖ. ಅದನ್ನು 24ರಿಂದ ಭಾಗಿಸಿ 2.5 ಕಿಲೋವಾಟ್ ಕೂಲಿಂಗಿನ ಮೆಷಿನ್ ಹಾಕಿದ್ದರು. ಡಿಫ್ರಾಸ್ಟ್ ಲೆಕ್ಕದಲ್ಲೇ ಇಲ್ಲ.

ಹೀಟರ್ ಉರಿಯುವಾಗ ಕೂಲಿಂಗ್ ಬಂದ್. ಆಮೇಲೆ ನೀರು ಇಳಿಯಲು ಸ್ವಲ್ಪ ಹೊತ್ತು ಬೇಕು, ಕಾಯಿಲ್ ಮತ್ತೆ ತಣ್ಣಗಾಗಲು ಸ್ವಲ್ಪ ಹೊತ್ತು. ಇದರ ಮೇಲೆ ವ್ಯಾಪಾರದ ಹೊತ್ತಿನ ಗಡಿಬಿಡಿಗೂ ಒಂದಿಷ್ಟು ಕೈಯಲ್ಲಿರಬೇಕು. ಅದಕ್ಕೇ ಎಲೆಕ್ಟ್ರಿಕ್ ಡಿಫ್ರಾಸ್ಟ್ ಇರುವ ಫ್ರೀಜರಿಗೆ ದಿನವನ್ನು 18 ಗಂಟೆ ಎಂದು ಹಿಡಿಯುವುದು ರೂಢಿ.

ಇನ್ನು ಹೀಟರಿನ ಶಾಖ. ಇದನ್ನು ನಾನು ಬಿಡಿಸಿ ಹೇಳಲೇಬೇಕು, ಯಾಕೆಂದರೆ "ಅದು ಐಸ್ ಕರಗಿಸುವುದಕ್ಕೆ ಖರ್ಚಾಗ್ತದಲ್ವಾ" ಎಂದು ಅನುಭವಸ್ಥರೂ ಹೇಳುತ್ತಾರೆ. ಮಳೆಗಾಲದಲ್ಲಿ 30 ಡಿಗ್ರಿ, 85 ಶೇಕಡಾ ತೇವದ ನಮ್ಮ ಗಾಳಿ ಒಂದು ಘನ ಮೀಟರಿಗೆ ಸುಮಾರು 26 ಗ್ರಾಂ ನೀರು ಹೊತ್ತಿರುತ್ತದೆ. ಮೈನಸ್ 18ರಲ್ಲಿ ಅದಕ್ಕೆ ಹಿಡಿದಿಟ್ಟುಕೊಳ್ಳಲು ಆಗುವುದು ಒಂದು ಗ್ರಾಮಿನಷ್ಟು. ಉಳಿದದ್ದೆಲ್ಲ ಕಾಯಿಲ್ ಮೇಲೆ ಬಿಳಿ ಹೊದಿಕೆ. ದಿನಕ್ಕೆ 400 ಘನ ಮೀಟರ್ ಗಾಳಿ ಒಳಗೆ ಬಂದರೆ 10 ಕಿಲೋ ಐಸ್. ಅದನ್ನು ಮೈನಸ್ 25ರಿಂದ ಸೊನ್ನೆಗೆ ತಂದು ಕರಗಿಸಲು ಬೇಕಾದ್ದು ಹೆಚ್ಚುಕಡಿಮೆ 1.1 ಯೂನಿಟ್, ಅಷ್ಟೇ! ಅಲ್ಲಿದ್ದದ್ದು 4 ಕಿಲೋವಾಟ್ ಹೀಟರ್, ಅರ್ಧರ್ಧ ಗಂಟೆ, ದಿನಕ್ಕೆ ನಾಲ್ಕು ಸಲ. ಅಂದರೆ 8 ಯೂನಿಟ್. ಒಂದು ಯೂನಿಟ್ ಚಿಲ್ಲರೆ ನೀರಿನ ಜತೆ ಡ್ರೈನ್ ಪೈಪಿನಲ್ಲಿ ಹೊರಗೆ ಹೋಯಿತು. ಉಳಿದ 7 ಯೂನಿಟ್ ಕಾಯಿಲಿನ ಲೋಹಕ್ಕೂ ರೂಮಿನ ಗಾಳಿಗೂ ಸೇರಿತು. ಅದನ್ನು ಹೊರಗೆ ಹಾಕುವ ಕೆಲಸವೂ ಅದೇ ಕಂಪ್ರೆಸರಿನದ್ದು.

60ಕ್ಕೆ 7 ಸೇರಿಸಿ 18ರಿಂದ ಭಾಗಿಸಿ. 3.7 ಕಿಲೋವಾಟ್. ಇದ್ದ ಮೆಷಿನಿನ ಒಂದೂವರೆ ಪಟ್ಟು.

ಮೊದಲು ನೋಡಿದವರು ಐಸ್ ಜಾಸ್ತಿ ಎಂದು ದಿನಕ್ಕೆ ಆರು ಸಲ ಡಿಫ್ರಾಸ್ಟ್ ಇಡಲು ಹೊರಟಿದ್ದರಂತೆ. ಹಾಗೆ ಮಾಡಿದರೆ ಇನ್ನೂ 4 ಯೂನಿಟ್ ಶಾಖ ಒಳಗೆ, ಇನ್ನೂ ಒಂದು ಗಂಟೆ ಕೂಲಿಂಗ್ ನಷ್ಟ. ಧನಿಗಳಿಗೆ ಲಾಗರಿನ ಗೆರೆ ತೋರಿಸಿಯೇ ಅದನ್ನು ತಡೆದೆ. ಮೆಷಿನ್ ಬದಲಿಸಲು ತಕ್ಷಣ ದುಡ್ಡು ಎಲ್ಲಿಂದ? ಹಾಗಾಗಿ ಮೊದಲು ಬಾಗಿಲಿಗೆ ಪಿವಿಸಿ ಪರದೆ. ಆಮೇಲೆ ಕಾಯಿಲಿಗೆ ಟರ್ಮಿನೇಶನ್ ಥರ್ಮೋಸ್ಟಾಟ್, ಕಾಯಿಲ್ 12 ಡಿಗ್ರಿ ಮುಟ್ಟಿದ ಕೂಡಲೇ ಹೀಟರ್ ಆಫ್. ಐಸ್ ಕಮ್ಮಿ ಇದ್ದ ದಿನ ಹೀಟರ್ ಅರ್ಧ ಗಂಟೆಗೆ ಮೊದಲೇ ನಿಲ್ಲತೊಡಗಿತು. ಫ್ಯಾನಿಗೂ ಡಿಲೇ ಕೊಟ್ಟೆ. ಕಾಯಿಲ್ ತಣ್ಣಗಾಗಿ ಉಳಿದ ಹನಿಗಳು ಅಲ್ಲೇ ಗಟ್ಟಿಯಾದ ಮೇಲೆ ಫ್ಯಾನ್ ತಿರುಗಬೇಕು. ಇಲ್ಲದಿದ್ದರೆ ಬಿಸಿ ಗಾಳಿಯ ಜತೆ ನೀರೂ ಮೀನಿನ ಬಾಕ್ಸ್ ಮೇಲೆ ಹಾರುತ್ತದೆ.

ಇಷ್ಟಕ್ಕೆ ರೂಮ್ ರಾತ್ರಿ ಮೈನಸ್ 18 ಮುಟ್ಟುತ್ತದೆ. ಹಗಲು ಬಾಗಿಲು ತೆಗೆಯುವ ಹೊತ್ತಿನಲ್ಲಿ ಈಗಲೂ ಮೈನಸ್ 15ರ ಆಸುಪಾಸು. ಆ ಮೂರು ಡಿಗ್ರಿಗೆ ದೊಡ್ಡ ಮೆಷಿನೇ ಬೇಕು, ಹೊಸ ಕೊಟೇಶನ್ನಿನಲ್ಲಿ 18 ಗಂಟೆ ಎಂದು ಬರೆದೇ ಕೊಟ್ಟಿದ್ದೇನೆ.