ಪಿ 0087 ಬಂತು ಅಂದ್ರೆ ಪಂಪ್ ಹೋಯ್ತು ಅಂತಲ್ಲ

ಖಂಬಾಟಕಿ ಘಾಟ್ ಅರ್ಧ ಹತ್ತಿದ್ದೆವು, ನನ್ನ ಡೀಸೆಲ್ ಕಾರು ಸೊರಗಿತು. ಎಕ್ಸಲೇಟರ್ ಪೂರ್ತಿ ಒತ್ತಿದರೂ ಎಳೆಯುತ್ತಿಲ್ಲ, ಮೀಟರಿನಲ್ಲಿ ಹಳದಿ ಎಂಜಿನ್ ದೀಪ, ಬೆನ್ನಿಗೆ ಟ್ರಕ್ಕುಗಳ ಹಾರ್ನ್, ಪಕ್ಕದಲ್ಲಿ ಅವ್ವ. ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಎರಡನೇ ಗೇರಿನಲ್ಲೇ ಹೇಗೋ ಘಾಟ್ ದಾಟಿಸಿ, ಕೆಳಗಿಳಿದ ಮೇಲೆ ಒಂದು ಧಾಬಾ ಹತ್ತಿರ ನಿಲ್ಲಿಸಿ, ಕೀ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಆಗಿಲ್ಲ ಅನ್ನೋ ಹಾಗೆ ಓಡಿತು. ದೀಪ ಮಾತ್ರ ಆರಲಿಲ್ಲ. ಅವ್ವನನ್ನು ಕೂರಿಸಿಕೊಂಡು ಮುಂದೆ ಹೋಗೋಕೆ ಧೈರ್ಯ ಬರಲಿಲ್ಲ, ಸುರಂಗದ ದಾರಿ ಹಿಡಿದು ವಾಪಸ್ ಪುಣೆಗೆ ಬಂದೆವು.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಾಕಿದರು, ಎರಡು ನಿಮಿಷದಲ್ಲಿ ಕೋಡ್ ಬಂತು. ಪಿ 0087, ರೇಲ್ ಪ್ರೆಶರ್ ಕಡಿಮೆ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚೋ ರೇಲ್ ಅನ್ನೋ ಪೈಪಿನಲ್ಲಿ ಒತ್ತಡ ಸಾಲದು. ಬಾನೆಟ್ ಕೂಡ ಎತ್ತಲಿಲ್ಲ. 'ಹೈ ಪ್ರೆಶರ್ ಪಂಪ್ ಹೋಗಿದೆ, 38 ಸಾವಿರ' ಅಂದರು. ಕೋಡ್ ಅಳಿಸೋಕೆ ಬಟನ್ ಮೇಲೆ ಬೆರಳು ಇಟ್ಟಿದ್ದರು, ಬೇಡ ಅಂದು ಗಾಡಿ ತಗೊಂಡು ಬಂದೆ.

ಅಲ್ಲಿ ಬೇಡ ಅಂದದ್ದು ಯಾಕೆ ಅಂತ ಹೇಳಬೇಕು. ಕೋಡ್ ಅನ್ನೋದು ಹಾಳಾದ ಪಾರ್ಟಿನ ಹೆಸರಲ್ಲ, ಎಂಜಿನ್ ನಡೆಸೋ ಕಂಪ್ಯೂಟರ್, ಅಂದರೆ ಇಸಿಯು, ಹೇಳೋ ದೂರು. 'ನಾನು ಇಷ್ಟು ಒತ್ತಡ ಕೇಳಿದೆ, ಅಷ್ಟು ಬರಲಿಲ್ಲ' ಅಂತ ಮಾತ್ರ ಅದು ಹೇಳುತ್ತೆ. ಒತ್ತಡ ಯಾಕೆ ಬರಲಿಲ್ಲ ಅನ್ನೋದಕ್ಕೆ ಹತ್ತು ಕಾರಣ ಇರಬಹುದು. ಫಿಲ್ಟರ್ ಕಟ್ಟಿಕೊಂಡಿರಬಹುದು, ಪೈಪಿನ ಒಳಗೆ ಗಾಳಿ ಸೇರ್ತಿರಬಹುದು, ಎಂಜಿನ್ನಿಗೆ ಡೀಸೆಲ್ ಸಿಂಪಡಿಸೋ ಇಂಜೆಕ್ಟರ್ ಜಾಸ್ತಿ ಡೀಸೆಲ್ ವಾಪಸ್ (ರಿಟರ್ನ್) ಬಿಡ್ತಿರಬಹುದು, ಒತ್ತಡ ಹಿಡಿತದಲ್ಲಿಡೋ ರೆಗ್ಯುಲೇಟರ್ ವಾಲ್ವ್ ಸಿಕ್ಕಿಕೊಂಡಿರಬಹುದು, ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿರಬಹುದು, ಹೌದು, ಪಂಪ್ ಕೂಡ ಹೋಗಿರಬಹುದು. ಕೋಡ್ ಬಿದ್ದ ಆ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಅನ್ನೋ ಲೆಕ್ಕವನ್ನೂ ಇಸಿಯು ಬರೆದಿಟ್ಟಿರುತ್ತೆ. ಅದಕ್ಕೆ ಫ್ರೀಜ್ ಫ್ರೇಮ್ ಅಂತಾರೆ. ಕೋಡ್ ಅಳಿಸಿದರೆ ಅದೂ ಹೋಗುತ್ತೆ. ಇದ್ದ ಒಂದೇ ಸಾಕ್ಷಿಯನ್ನು ನಾವೇ ಒರೆಸಿ ಹಾಕಿದ ಹಾಗೆ.

ನನ್ನ ಗಾಡಿ 2011ರದು. ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಇಲ್ಲೊಂದು ತೊಡಕಿದೆ. ಗಾಡಿ ತನ್ನ ದೋಷ ತಾನೇ ಗುರುತಿಸಿ ಕೋಡ್ ಕೊಡೋ ವ್ಯವಸ್ಥೆಗೆ ಓಬಿಡಿ ಅಂತಾರೆ. ನಮ್ಮ ದೇಶದಲ್ಲಿ ಬಿಎಸ್ 4 ಅನ್ನೋ ಹೊಗೆ ನಿಯಮದ ಕಾರುಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿ 1, 2013ರ ಏಪ್ರಿಲ್‌ನಿಂದ ಓಬಿಡಿ 2 ಕಡ್ಡಾಯ ಆಯ್ತು. ಅದಕ್ಕಿಂತ ಮುಂಚಿನ ಗಾಡಿಯಲ್ಲಿ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಹಾಕೋ 16 ಪಿನ್ನಿನ ಸಾಕೆಟ್ ಇದ್ದರೂ ಎಲ್ಲಾ ಮೊಬೈಲ್ ಆಪ್ ಜೊತೆ ಮಾತಾಡುತ್ತೆ ಅಂತ ಗ್ಯಾರಂಟಿ ಇಲ್ಲ. ಟಾರ್ಚ್ ಹಾಕಿ ಸಾಕೆಟ್ ಒಳಗೆ ನೋಡಿ. ಇಸಿಯು ಸ್ಕ್ಯಾನರ್ ಜೊತೆ ಮಾತಾಡೋ ಲೈನ್ ಯಾವುದು ಅಂತ ಗೊತ್ತಾಗುತ್ತೆ. 6 ಮತ್ತು 14ನೇ ಜಾಗದಲ್ಲಿ ಲೋಹ ಇದ್ದರೆ ಕ್ಯಾನ್ ಅನ್ನೋ ಹೊಸ ಲೈನ್ ಇರಬಹುದು. ಅವು ಖಾಲಿ ಇದ್ದು 7ರಲ್ಲಿ ಇದ್ದರೆ ಹಳೇ ಕೆ ಲೈನ್. 16ರಲ್ಲಿ ಬ್ಯಾಟರಿ ಸಪ್ಲೈ, 4 ಮತ್ತು 5 ಅರ್ಥ್. ನಂದು ಕೆ ಲೈನ್. ಪುಣೆಯ ತಪಕೀರ್ ಗಲ್ಲಿಯಲ್ಲಿ ತಂದಿದ್ದ, ಸಾಕೆಟ್ಟಿಗೆ ಚುಚ್ಚಿ ಮೊಬೈಲಿಗೆ ಡೇಟಾ ಕಳಿಸೋ ನನ್ನ ಮೊದಲ ಅಗ್ಗದ ಇಎಲ್‌ಎಂ 327 ಅಡಾಪ್ಟರಿಗೆ ಕೆ ಲೈನ್ ಬರುತ್ತಲೇ ಇರಲಿಲ್ಲ, ಸುಮ್ನೆ ದೀಪ ಮಿನುಗಿಸಿ ಕೂರುತ್ತಿತ್ತು, ನಾನು ಇಸಿಯುನೇ ಹೋಗಿದೆ ಅಂದುಕೊಂಡು ಒಂದು ಭಾನುವಾರ ಪೂರ್ತಿ ಕಳೆದಿದ್ದೆ. ಬೇರೆ ಅಡಾಪ್ಟರ್ ಹಾಕಿದ ಕೂಡಲೇ ಓದಿತು. ಅಡಾಪ್ಟರಿನ ದೀಪವೇ ಹತ್ತದಿದ್ದರೆ ಸಿಗರೇಟ್ ಲೈಟರಿನ ಫ್ಯೂಸ್ ನೋಡಿ, ಎಷ್ಟೋ ಗಾಡಿಗಳಲ್ಲಿ ಎರಡಕ್ಕೂ ಒಂದೇ ಫ್ಯೂಸ್.

ಕೆ ಲೈನ್ ನಿಧಾನ. ಎಂಜಿನ್ನಿನ ಆಗಿನ ಅಂಕಿ ತೋರಿಸೋ ಲೈವ್ ಡೇಟಾದಲ್ಲಿ ಹತ್ತು ಮೀಟರ್ ಇಟ್ಟುಕೊಂಡರೆ ಒಂದೂ ಸರಿಯಾಗಿ ಕಾಣಲ್ಲ. ಎರಡೋ ಮೂರೋ ಸಾಕು.

ಮನೆಗೆ ಬಂದು ಫ್ರೀಜ್ ಫ್ರೇಮ್ ತೆಗೆದೆ. ಆರ್‌ಪಿಎಂ 2,300, ಲೋಡ್ ಶೇಕಡಾ 97, ಕೂಲೆಂಟ್ 88 ಡಿಗ್ರಿ, ರೇಲ್ ಪ್ರೆಶರ್ 41,000 ಕಿಲೋಪಾಸ್ಕಲ್. ಕೊನೆಯ ಎರಡು ಸೊನ್ನೆ ತೆಗೆದರೆ ಬಾರ್ ಲೆಕ್ಕ ಸಿಗುತ್ತೆ, ಅಂದರೆ 410 ಬಾರ್. ಅಷ್ಟು ಲೋಡಿನಲ್ಲಿ ಸಾವಿರ ದಾಟಿರಬೇಕು. ಆದರೆ ನಿಂತಲ್ಲೇ ಐಡಲ್‌ನಲ್ಲಿ ನೋಡಿದರೆ 270 ಬಾರ್, ಅಲುಗಾಡದೆ ನಿಂತಿದೆ. ಕಮ್ಮಿ ಕೇಳಿದಾಗ ಕೊಡುತ್ತೆ, ಜಾಸ್ತಿ ಕೇಳಿದಾಗ ಕೊಡಲ್ಲ. ಈ ಎರಡು ಅಂಕಿ ಬರೆದುಕೊಂಡು ನಮ್ಮ ಕಡೆಯ ಒಬ್ಬ ಹಳೇ ಡೀಸೆಲ್ ಮಿಸ್ತ್ರಿ ಹತ್ತಿರ ಹೋದೆ. ವಿಜಯಪುರದವರು, ಪುಣೆಗೆ ಬಂದು ಮೂವತ್ತು ವರ್ಷ ಆಗಿದೆ. ನಾವೆಲ್ಲ ಕಾಕಾ ಅಂತೀವಿ.

ಕಾಕಾ ಚೀಟಿ ನೋಡಿದರು. 'ತಮ್ಮಾ, ಪಂಪಿನ ಮಾತು ಆಮ್ಯಾಲ. ಮುಂಜಾನಿ ಗಾಡಿ ಒಂದ ಹೊಡ್ತಕ್ಕ ಚಾಲೂ ಆಗ್ತದೇನು?'

ಆಗ ನೆನಪಾಯ್ತು. ಎರಡು ವಾರದಿಂದ ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕಾಗ್ತಿತ್ತು. ಬ್ಯಾಟರಿ ಹಳೇದಾಯ್ತು ಅಂದುಕೊಂಡಿದ್ದೆ.

ನನ್ನ ಗಾಡಿಯ ಟ್ಯಾಂಕಿನಲ್ಲಿ ಡೀಸೆಲ್ ಮುಂದಕ್ಕೆ ತಳ್ಳೋ ಮೋಟಾರ್ ಇಲ್ಲ. ಮುಂದಿರೋ ಪಂಪೇ ಹಿಂದಿನಿಂದ ಡೀಸೆಲ್ ಎಳೆದುಕೊಳ್ಳಬೇಕು. ಅಂಥ ಲೈನಿನಲ್ಲಿ ಸಣ್ಣ ತೂತು ಬಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಗಾಳಿ ಒಳಗೆ ಹೋಗುತ್ತೆ. ರಾತ್ರಿ ಡೀಸೆಲ್ ಹಿಂದಕ್ಕೆ ಜಾರುತ್ತೆ, ಬೆಳಿಗ್ಗೆ ಸ್ಟಾರ್ಟ್ ತಡ. ಘಾಟಿನಲ್ಲಿ ಪಂಪ್ ಜೋರಾಗಿ ಎಳೆದಾಗ ಗಾಳಿಯೂ ಜೋರಾಗಿ ಬರುತ್ತೆ.

ಕಾಕಾ ಫಿಲ್ಟರಿಂದ ಪಂಪಿಗೆ ಹೋಗೋ ಪೈಪ್ ಬಿಚ್ಚಿ, ಅದರ ಜಾಗದಲ್ಲಿ ಒಂದೂವರೆ ಅಡಿ ಪಾರದರ್ಶಕ ಪೈಪ್ ಕೂರಿಸಿ ಕ್ಲಿಪ್ ಹಾಕಿದರು. ಡೀಸೆಲ್ ಎಳೆಯೋ ಪ್ರೈಮರ್ ಬಲ್ಬನ್ನು (ರಬ್ಬರ್ ಗುಂಡು) ಕೈಯಿಂದ ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡಿಸಿದರು. ಮೊದಲು ಚಹಾದ ಬಣ್ಣದ ಡೀಸೆಲ್ ತಿಳಿಯಾಗಿ ಹೋಗ್ತಿತ್ತು. ರೇಸ್ ಮಾಡು ಅಂದರು. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬಂದವು, ಇನ್ನಷ್ಟು ಒತ್ತಿದಾಗ ಪೈಪಿನ ಮೇಲ್ಭಾಗ ಪೂರ್ತಿ ನೊರೆ. ಫಿಲ್ಟರಿನ ಒಳಬರೋ ಕಡೆಯ ಕನೆಕ್ಟರ್ ಬಿಚ್ಚಿ ಒಳಗಿನ ಓ ರಿಂಗ್, ಅಂದರೆ ಗಾಳಿ ಹೋಗದಂತೆ ತಡೆಯೋ ರಬ್ಬರ್ ಬಳೆ, ಅಂಗೈ ಮೇಲಿಟ್ಟು ತೋರಿಸಿದರು. ಗಟ್ಟಿಯಾಗಿತ್ತು, ಉಗುರು ಊರಿದರೆ ಮುರೀತು.

ನಾನಾ ಪೇಟೆಯಿಂದ ಓ ರಿಂಗ್, ಫಿಲ್ಟರ್, ಒಂದು ತುಂಡು ಡೀಸೆಲ್ ಹೋಸ್ ತಂದೆ. ಕಾಕಾನ ಕೂಲಿ ಸೇರಿ ಎರಡು ಸಾವಿರದ ಒಳಗೆ ಮುಗೀತು. ಗುಳ್ಳೆ ನಿಂತ ಮೇಲೂ ಕಾಕಾ ಬಿಡಲಿಲ್ಲ, ನಾಲ್ಕೂ ಇಂಜೆಕ್ಟರಿನ ರಿಟರ್ನಿಗೆ ಒಂದೊಂದು ಬಾಟಲಿ ಕಟ್ಟಿ ನೋಡಿದರು. ನಾಲ್ಕರಲ್ಲೂ ಹೆಚ್ಚೂಕಮ್ಮಿ ಸಮ, ಅಂದರೆ ಯಾವ ಇಂಜೆಕ್ಟರೂ ಒಂದೇ ಜಾಸ್ತಿ ಬಿಡ್ತಿಲ್ಲ. ಆಮೇಲೇ ಕೋಡ್ ಅಳಿಸಿದ್ದು.

ಒಂದು ಮಾತು ದಯವಿಟ್ಟು ನೆನಪಿಡಿ. ಇದೆಲ್ಲಾ ಪಂಪಿಗಿಂತ ಹಿಂದಿನ, ಕಡಿಮೆ ಒತ್ತಡದ ಪೈಪಿನ ಕೆಲಸ. ಪಂಪಿನಿಂದ ಇಂಜೆಕ್ಟರಿಗೆ ಹೋಗೋ ಕಬ್ಬಿಣದ ಪೈಪುಗಳನ್ನು ಎಂಜಿನ್ ಓಡ್ತಿರುವಾಗ ಸಡಿಲಿಸಬೇಡಿ. ಹಳೇ ಕಾಲದ ಪಂಪಿನ ಗಾಡಿಗಳಲ್ಲಿ ಹಾಗೆ ಮಾಡಿ ಗಾಳಿ ತೆಗೆಯುತ್ತಿದ್ದರು, ನನ್ನ ಗಾಡಿಯಂಥ ರೇಲ್ ಇರೋ ಎಂಜಿನ್ನಿನಲ್ಲಿ (ಕಾಮನ್ ರೇಲ್) ಅದು ಪ್ರಾಣಕ್ಕೇ ಅಪಾಯ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಈಗ ಗಾಡಿ ಚೆನ್ನಾಗಿರುವಾಗಲೇ ಅಂಕಿ ಬರೆದಿಡ್ತೀನಿ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಕೂಲೆಂಟ್ ಮತ್ತು ಒಳಬರೋ ಗಾಳಿಯ ಉಷ್ಣತೆ ಹತ್ತಿರ ಹತ್ತಿರ ಇರಬೇಕು. ಕೂಲೆಂಟ್ ಮೈನಸ್ 40 ತೋರಿಸಿದರೆ ಮೊದಲು ಸೆನ್ಸರಿನ ವೈರ್ ನೋಡಿ. ಕೀ ಆನ್, ಎಂಜಿನ್ ಆಫ್ ಇದ್ದಾಗ ಎಂಜಿನ್ನಿಗೆ ಗಾಳಿ ಹೋಗೋ ಮ್ಯಾನಿಫೋಲ್ಡ್‌ನ ಒತ್ತಡ ಹೊರಗಿನ ಗಾಳಿಯಷ್ಟೇ ಇರಬೇಕು, ಪುಣೆ ಎತ್ತರದಲ್ಲಿದೆ ಅಲ್ವಾ, ಇಲ್ಲಿ 94, 95 ಕಿಲೋಪಾಸ್ಕಲ್ ಬರುತ್ತೆ. ಮುಂಬೈಗೆ ಇಳಿದರೆ 101ರ ಹತ್ತಿರ.

ಹೋದ ತಿಂಗಳು ಮತ್ತೆ ಧಾರವಾಡಕ್ಕೆ ಹೊರಟೆವು. ಘಾಟ್ ಶುರುವಾದ ಕೂಡಲೇ ತಂಗಿ ಮೊಬೈಲ್ ಹಿಡಿದು ರೇಲ್ ಪ್ರೆಶರ್ ಓದ್ತಾ ಹೋದಳು. ಒಂಬೈನೂರು, ಸಾವಿರದ ನೂರು, ಸಾವಿರದ ಇನ್ನೂರ ನಲವತ್ತು. ಹೋದ ಸಲ ಗಾಡಿ ಸೊರಗಿದ್ದ ತಿರುವು ಮೂರನೇ ಗೇರಿನಲ್ಲೇ ದಾಟಿತು. 'ಇನ್ನ ಸಾಕು ಬಿಡ, ಫೋನ್ ಒಳಗಿಡು' ಅಂದಳು ಅವ್ವ.