ನೀರಲ್ಲಿ ಮಾಡುವ ಹಾಟ್ ಚಾಕೊಲೇಟ್

ವಹಾಕಾದಲ್ಲಿ ಹಾಟ್ ಚಾಕೊಲೇಟ್ ಬೇಕು ಅಂದರೆ ಮೊದಲು ಎದುರು ಪ್ರಶ್ನೆ ಬರುತ್ತದೆ: ನೀರಿನದಾ, ಹಾಲಿನದಾ? ಹೊಸದಾಗಿ ಬಂದವರು ಹಾಲಿನದು ಅನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಹಿರಿಯರನ್ನು ಕೇಳಿ, ನೀರಿನದೇ ಸರಿ ಅನ್ನುತ್ತಾರೆ. ನಾನೂ ಈಗ ನೀರಿನ ಪಕ್ಷ. ಊರಿಗೆ ಫೋನ್ ಮಾಡಿದಾಗ ಇದನ್ನು ಹೇಳಿದರೆ "ನೀರಲ್ಲಾ? ಸಪ್ಪೆ ಇರಲ್ವಾ?" ಅಂತ ನಕ್ಕು ಬೇರೆ ಮಾತಿಗೆ ಹೋಗಿಬಿಡುತ್ತೀರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಪ್ಪೆ ಇರಲ್ಲ. ಯಾಕೆ ಇರಲ್ಲ ಅನ್ನೋದೇ ಇಲ್ಲಿನ ಸ್ವಾರಸ್ಯ.

ವಹಾಕಾ ಅಂದರೆ ಮೆಕ್ಸಿಕೋದ ದಕ್ಷಿಣದ ಒಂದು ರಾಜ್ಯ. ಅದರ ರಾಜಧಾನಿಗೂ ಅದೇ ಹೆಸರು. ಈ ನಗರ ಸಮುದ್ರ ಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ ಬಿಸಿಲು ಚುರುಕು, ಬೆಳಿಗ್ಗೆ ಮಾತ್ರ ಮೈಗೆ ಏನಾದರೂ ಹೊದ್ದುಕೊಳ್ಳಬೇಕು ಅನ್ನಿಸುವಷ್ಟು ತಣ್ಣಗೆ. ಮಜಾ ಏನಂದರೆ, ಚಾಕೊಲೇಟಿಗೆ ಇಷ್ಟು ಹೆಸರಾದ ಊರಿನ ಸುತ್ತ ಕೊಕೊ ತೋಟ ಇಲ್ಲ. ಮೆಕ್ಸಿಕೋದ ಕೊಕೊ ಬಹುಪಾಲು ಬೆಳೆಯೋದು ತಬಾಸ್ಕೊ ಮತ್ತು ಚಿಯಾಪಾಸ್ ರಾಜ್ಯಗಳ ಸೆಕೆ ನೆಲದಲ್ಲಿ. ಬೆಳೆಯೋದು ಅಲ್ಲಿ, ಕುಡಿಯೋ ಹುಚ್ಚು ಇಲ್ಲಿ.

ಪೇಟೆಯ ನಡುವೆ 'ನವೆಂಬರ್ 20' ಅನ್ನುವ ಮಾರ್ಕೆಟ್ ಇದೆ. 1910ರ ಕ್ರಾಂತಿಯ ದಿನದ ಹೆಸರು ಅದು. ಪಕ್ಕದ ಮೀನಾ ಬೀದಿಗೆ ತಿರುಗಿದರೆ ಅಂಗಡಿ ಎಲ್ಲಿ ಅಂತ ಯಾರನ್ನೂ ಕೇಳಬೇಕಿಲ್ಲ, ವಾಸನೆಯೇ ಕರೆದುಕೊಂಡು ಹೋಗುತ್ತದೆ. ಚಾಕೊಲೇಟ್ ಗಿರಣಿಗಳು ಇರೋದು ಅಲ್ಲೇ. ಮನೆಗೆ ಬೇಕಾದ ಚಾಕೊಲೇಟನ್ನು ಇಲ್ಲಿಯವರು ತಮ್ಮ ಲೆಕ್ಕದ ಪ್ರಕಾರ ಬೀಸಿಸಿಕೊಂಡು ಹೋಗುತ್ತಾರೆ. ಹುರಿದ ಕೊಕೊ ಬೀಜ, ಬಾದಾಮಿ, ದಾಲ್ಚಿನ್ನಿ, ಸಕ್ಕರೆ. ಇಷ್ಟೇ ಸಾಮಾನು. ಕೊಕೊ ಒಂದು ಕಿಲೋ ಆದರೆ ಸಕ್ಕರೆ ಒಂದೋ ಎರಡೋ ಕಿಲೋ, ಅದು ಅವರವರ ಮನೆಯ ನಾಲಿಗೆ. ಬಾದಾಮಿ ಒಂದೆರಡು ಹಿಡಿ. ದಾಲ್ಚಿನ್ನಿ ಎಷ್ಟು ಅನ್ನೋದರ ಮೇಲೆ ಅತ್ತೆ ಸೊಸೆಯರ ನಡುವೆ ವಾದ ನಡೆಯುವುದನ್ನು ಸಾಲಿನಲ್ಲಿ ನಿಂತು ಕೇಳಿದ್ದೇನೆ.

ಗಿರಣಿಯ ಮುಂದೆ ನಿಂತು ನೋಡಬೇಕು. ಮೇಲಿನ ಬಾಯಿಗೆ ಕೊಕೊ, ಬಾದಾಮಿ, ದಾಲ್ಚಿನ್ನಿ ಸುರಿಯುತ್ತಾರೆ. ಒಣ ಬೀಜ ಹಾಕಿದ್ದಲ್ವಾ, ಪುಡಿ ಬರುತ್ತೆ ಅಂತ ನಾವು ಕಾಯುತ್ತಿರುತ್ತೇವೆ. ಪುಡಿ ಬರಲ್ಲ. ಕೆಳಗಿನ ತೂತಿನಿಂದ ಹೊಳೆಯುವ ಕಂದು ದ್ರವ ದಪ್ಪಗೆ ಇಳಿಯುತ್ತದೆ. ಒಂದು ಹನಿ ನೀರಾಗಲಿ ಎಣ್ಣೆಯಾಗಲಿ ಸೇರಿಸಿರುವುದಿಲ್ಲ. ಕೊಕೊ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬೇ ಇರುತ್ತದೆ. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ಬೀಸುವ ಬಿಸಿಗೆ ಆ ಕೊಬ್ಬು ಕರಗಿ ಬೀಜವೇ ದ್ರವವಾಗಿ ಹರಿಯುತ್ತದೆ. ಅದು ಬೀಳೋದು ಸಕ್ಕರೆ ತುಂಬಿದ ಬಕೆಟ್ಟಿಗೆ. ಗಿರಣಿಯವರು ಒಂದು ಮರದ ಸೌಟಿನಲ್ಲಿ ಚೆನ್ನಾಗಿ ಕಲಸಿ, ಇನ್ನೊಂದು ಗಿರಣಿಗೆ ಹಾಕಿ ಮತ್ತೆ ಬೀಸುತ್ತಾರೆ. ಕೊನೆಗೆ ಸಿಗುವುದು ಬೆಚ್ಚಗಿನ ಮುದ್ದೆ. ಮನೆಗೆ ತಂದು, ತಣಿಯುವ ಮೊದಲೇ ಬಿಲ್ಲೆ ತಟ್ಟಿ ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ.

ಹಳ್ಳಿಗಳಲ್ಲಿ ಮೆತಾತೆ ಅನ್ನುವ ಕಲ್ಲಿನಲ್ಲಿ ಅರೆಯುವವರು ಈಗಲೂ ಇದ್ದಾರೆ. ಮೂರು ಕಾಲಿನ ಇಳಿಜಾರು ಕಲ್ಲು. ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಉದ್ದನೆಯ ಗುಂಡು ಹಿಡಿದು ಹಿಂದೆ ಮುಂದೆ ಅರೆಯಬೇಕು. ಕೊಬ್ಬು ಕರಗಲಿ ಅಂತ ಕಲ್ಲಿನ ಕೆಳಗೆ ಕೆಂಡ ಇಡುತ್ತಾರೆ. ಸೊಂಟ ಬಿದ್ದುಹೋಗುವ ಕೆಲಸ. ಗಿರಣಿ ಬಂದಿದ್ದು ಒಳ್ಳೆಯದೇ ಆಯಿತು ಅನ್ನುವವರಲ್ಲಿ ನಾನೂ ಒಬ್ಬಳು.

ಈಗ ನೀರಿನ ವಿಷಯಕ್ಕೆ ಬರೋಣ. ಡಬ್ಬದಲ್ಲಿ ಸಿಗುವ ಕೊಕೊ ಪುಡಿ ಇದೆಯಲ್ಲ, ಅದು ಕೊಬ್ಬನ್ನು ಹಿಂಡಿ ತೆಗೆದ ಮೇಲೆ ಉಳಿದ ಹಿಂಡಿಯ ಪುಡಿ. ಹಾಗೆ ಹಿಂಡುವ ವಿಧಾನಕ್ಕೆ 1828ರಲ್ಲಿ ನೆದರ್ಲೆಂಡ್ಸ್‌ನ ವಾನ್ ಹೌಟೆನ್ ಅವರಿಗೆ ಪೇಟೆಂಟ್ ಸಿಕ್ಕಿತು. ಪುಡಿ ಅಗ್ಗವಾಗಿ, ಬೇಗ ಕಲೆಯುವ ಹಾಗೆ ಬಂತು. ಆದರೆ ಅದನ್ನು ಬರೀ ನೀರಿಗೆ ಹಾಕಿದರೆ ನಿಜಕ್ಕೂ ತೆಳ್ಳಗೆ, ಸಪ್ಪೆ. ಹೋದ ಕೊಬ್ಬಿನ ಜಾಗ ತುಂಬಲು ಹಾಲು ಬೇಕಾಯಿತು, ಆಮೇಲೆ ಕೆನೆ ಬಂತು. ಇಲ್ಲಿನ ಬಿಲ್ಲೆಯಲ್ಲಿ ಬೀಜದ ಕೊಬ್ಬು ಪೂರ್ತಿ ಇದೆ, ಮೇಲೆ ಬಾದಾಮಿಯದೂ ಇದೆ. ನೀರಿಗೆ ಹಾಕಿದರೂ ಬಾಯಿ ತುಂಬುತ್ತದೆ. ಹಾಲು ಹಾಕಿದರೆ ಹಾಲಿನ ರುಚಿ ಮೇಲಾಗಿ, ಕೊಕೊದ ಹುಳಿ, ಕಹಿ, ಹುರಿದ ಘಮ ಎಲ್ಲ ಅದರ ಕೆಳಗೆ ಮುಚ್ಚಿಹೋಗುತ್ತವೆ. ನಮ್ಮ ಮನೆ ಮಾಲೀಕರ ತಾಯಿ, ಎಂಬತ್ತು ದಾಟಿದ ಅಜ್ಜಿ, ಹಾಲಿನ ಚಾಕೊಲೇಟನ್ನು ಮಕ್ಕಳಿಗೆ, ಕಾಯಿಲೆಯವರಿಗೆ ಅಂತ ಪಕ್ಕಕ್ಕೆ ಸರಿಸುತ್ತಾರೆ. ಅಷ್ಟು ಕಟುವಾಗಿ ನಾನು ಹೇಳಲಾರೆ. ಮಳೆ ಹಿಡಿದ ಸಂಜೆ ಹಾಲಿನದೂ ಚೆನ್ನಾಗೇ ಇರುತ್ತದೆ.

ಅಜ್ಜಿ ಮಾಡುವ ರೀತಿ ಇದು. ಎತ್ತರದ ಕುತ್ತಿಗೆಯ ಪಾತ್ರೆಯಲ್ಲಿ ನೀರು ಕುದಿಸಿ ಕೆಳಗಿಳಿಸುತ್ತಾರೆ. (ಈ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಿಸುವವರಿಗೆ ಆ ಕಷ್ಟ ಗೊತ್ತು.) ಒಂದು ಲೋಟಕ್ಕೆ, ಅಂದರೆ ಸುಮಾರು 200 ಮಿಲಿಲೀಟರ್ ನೀರಿಗೆ, 40 ಗ್ರಾಂನಷ್ಟು ಬಿಲ್ಲೆ ಮುರಿದು ಹಾಕಿ ಮುಚ್ಚಿಡುತ್ತಾರೆ. ಬಿಲ್ಲೆ ಮೆತ್ತಗಾದ ಮೇಲೆ ಮೊಲಿನಿಯೋ ಇಳಿಸುತ್ತಾರೆ. ಅದು ಥೇಟ್ ನಮ್ಮ ಮಜ್ಜಿಗೆ ಕಡಗೋಲಿನ ತಮ್ಮ. ಕೆಳಗೆ ಗೀರು ಗೀರು ಕೆತ್ತಿದ ಮರದ ಗುಂಡು, ಅದರ ಮೇಲೆ ಕಡ್ಡಿಯಲ್ಲೇ ಕಡೆದು ಬಿಡಿಸಿದ ಸಡಿಲ ಬಳೆಗಳು. ಎರಡು ಅಂಗೈ ನಡುವೆ ಹಿಡಿದು ಗರಗರ ತಿರುಗಿಸಿದರೆ ಬಳೆಗಳು ಕಟಕಟ ಅನ್ನುತ್ತವೆ. ಆಮೇಲೆ ಪಾತ್ರೆಯನ್ನು ಮತ್ತೆ ಒಲೆಗೇರಿಸಿ, ಉಕ್ಕಿ ಬರುವಾಗ ಇಳಿಸಿ, ಮತ್ತೆ ಕಡೆಯುವುದು. ಗುಂಡು ನೀರಿನ ಮೇಲ್ಮೈಗೆ ಹತ್ತಿರ ಇರಬೇಕು, ಆಗಲೇ ಗಾಳಿ ಒಳಗೆ ಸೇರಿ ನೊರೆ ಏಳುವುದು. ತಳದಲ್ಲೇ ತಿರುಗಿಸುತ್ತಾ ಕೂತರೆ ಕೈ ನೋವು ಮಾತ್ರ.

ನೊರೆ ಏಳದಿದ್ದರೆ ಇಲ್ಲಿ ಅದನ್ನು ಚಾಕೊಲೇಟ್ ಅಂತ ಒಪ್ಪಲ್ಲ. ನೊರೆಯ ಗೀಳು ಸ್ಪೇನಿನವರು ಬರುವುದಕ್ಕೂ ತುಂಬಾ ಹಿಂದಿನದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಕ್ರಿ.ಶ. 670ರಿಂದ 750ರ ನಡುವಿನ ಒಂದು ಹೂಜಿ ಇದೆ, ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರದ್ದು. ಅದರ ಮೇಲಿನ ಚಿತ್ರದಲ್ಲಿ ಒಬ್ಬ ಹೆಂಗಸು ನಿಂತುಕೊಂಡು, ಕೈಯಲ್ಲಿರುವ ಪಾತ್ರೆಯಿಂದ ನೆಲದ ಮೇಲಿನ ಪಾತ್ರೆಗೆ ಧಾರೆಯಾಗಿ ಸುರಿಯುತ್ತಿದ್ದಾಳೆ. ಆಗ ನೊರೆ ಎಬ್ಬಿಸುತ್ತಿದ್ದದ್ದು ಹಾಗೆ. ಮೊಲಿನಿಯೋ ಬಳಕೆಗೆ ಬಂದಿದ್ದು ಆಮೇಲೆ, ಸ್ಪೇನಿನವರ ಕಾಲದಲ್ಲಿ. ಸಕ್ಕರೆ, ದಾಲ್ಚಿನ್ನಿ, ಬಾದಾಮಿ ಮೂರೂ ಅವರ ಜೊತೆಗೇ ಬಂದವು. ಮೊದಲು ಮೆಣಸಿನಕಾಯಿ, ವೆನಿಲ್ಲಾ, ಮೆಕ್ಕೆಜೋಳ, ಘಮದ ಹೂವು ಹಾಕಿ ಕುಡಿಯುತ್ತಿದ್ದರು. ಆ ಹಳೆಯ ದಾರಿಯ ಒಂದು ಪಾನೀಯ ಇಲ್ಲಿ ಈಗಲೂ ಇದೆ, ತೆಹಾತೆ ಅಂತ. ಮೆಕ್ಕೆಜೋಳ, ಕೊಕೊ, ಮಾಮೆ ಹಣ್ಣಿನ ಬೀಜ, ಒಂದು ಒಣ ಹೂವು ಸೇರಿಸಿ ಅರೆದು, ತಣ್ಣೀರಿನಲ್ಲಿ ಕೈಯಿಂದಲೇ ಕಲಸಿ, ಮೇಲೆ ಬಿಳಿ ನೊರೆ ಬರಿಸುತ್ತಾರೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅಂದ ಹಾಗೆ, ಇಲ್ಲಿನವರು ಬಳಸೋದು ಶ್ರೀಲಂಕಾದ ದಾಲ್ಚಿನ್ನಿ. ಬೆರಳಲ್ಲಿ ಒತ್ತಿದರೆ ಪುಡಿಯಾಗುವ, ಪದರ ಪದರದ ತೆಳು ಚಕ್ಕೆ. ಗಟ್ಟಿ ದಪ್ಪ ಚಕ್ಕೆ ಬೇರೆ ಜಾತಿ, ಖಾರ ಜಾಸ್ತಿ. ನೀವು ಮಾಡುವಾಗ ಇದೊಂದನ್ನು ಮಾತ್ರ ಹುಡುಕಿ ತನ್ನಿ, ಉಳಿದದ್ದಕ್ಕೆಲ್ಲ ಬದಲಿ ಇದೆ. ಹಾಲಿಲ್ಲದ, 70 ಪರ್ಸೆಂಟ್ ಆಸುಪಾಸಿನ ಡಾರ್ಕ್ ಚಾಕೊಲೇಟ್ ಸಾಕು. ತುರಿದು, ಸಕ್ಕರೆ, ಚಿಟಿಕೆ ದಾಲ್ಚಿನ್ನಿ, ನಾಲ್ಕು ಬಾದಾಮಿಯ ನುಣ್ಣನೆ ಪುಡಿ ಸೇರಿಸಿ. ಕುದಿಸಿ ಇಳಿಸಿದ ನೀರಿಗೆ ಹಾಕಿ ಕಡೆಯಿರಿ. ಇಲ್ಲಿನ ಬಿಲ್ಲೆಯ ಚಾಕೊಲೇಟ್ ಸ್ವಲ್ಪ ತರಿತರಿ, ಅಂಗಡಿಯ ಚಾಕೊಲೇಟ್ ನುಣುಪು, ಆ ವ್ಯತ್ಯಾಸ ಇದ್ದೇ ಇರುತ್ತದೆ. ಕೊಕೊ ನೀರಿನಲ್ಲಿ ಕರಗಲ್ಲ, ತೇಲುತ್ತಿರುತ್ತದೆ ಅಷ್ಟೆ. ಕಡೆದು ಇಟ್ಟು ಇನ್ನೊಂದು ಕೆಲಸಕ್ಕೆ ಹೋದರೆ ತಳ ಸೇರುತ್ತದೆ. ಕುಡಿಯುವವರು ಕೂತ ಮೇಲೇ ಕೊನೆಯ ಸಲ ಕಡೆಯಬೇಕು.

ಜೊತೆಗೆ ಇಲ್ಲಿ ಪಾನ್ ದೆ ಯೆಮಾ ಅನ್ನುವ ಮೊಟ್ಟೆಯ ಹಳದಿ ಹಾಕಿದ ಬ್ರೆಡ್ ಇರುತ್ತದೆ. ಅದ್ದಿಕೊಂಡೇ ತಿನ್ನಬೇಕು, ಯಾರೂ ತಪ್ಪು ತಿಳಿಯಲ್ಲ. ನವೆಂಬರ್ 1 ಮತ್ತು 2ರಂದು ಸತ್ತವರ ಹಬ್ಬ. ಆಗ ಮನೆಯ ಪೂಜೆಯ ಮೇಜಿನ ಮೇಲೆ ತೀರಿಕೊಂಡವರಿಗೂ ಒಂದು ಬಟ್ಟಲು ಚಾಕೊಲೇಟ್ ಇಡುತ್ತಾರೆ. ಗಿರಣಿಗಳಲ್ಲಿ ಕಾಲಿಡಲು ಜಾಗ ಇರಲ್ಲ.

ಇಲ್ಲಿಗೆ ಪ್ರವಾಸ ಬರುವವರಿಗೆ ಎರಡು ಮಾತು. ಹಸಿರು ಮೆರುಗಿನ ಮಣ್ಣಿನ ಪಾತ್ರೆ ನೋಡಿ ಮರುಳಾಗುತ್ತೀರಿ, ನಾನೂ ಆಗಿದ್ದೆ. ಹಳೆಯ ರೀತಿಯ ಮೆರುಗಿನಲ್ಲಿ ಸೀಸ ಇರುತ್ತದೆ, ಬಿಸಿ ಪದಾರ್ಥಕ್ಕೆ ಬಿಡುತ್ತದೆ. ಸೀಸ ಇಲ್ಲದ್ದು ಅಂತ ಖಾತ್ರಿ ಮಾಡಿಕೊಂಡೇ ಕುಡಿಯಲು ಬಳಸಿ, ಇಲ್ಲದಿದ್ದರೆ ಕಪಾಟಿನಲ್ಲಿ ಚಂದಕ್ಕೆ ಇಡಿ. ಇನ್ನು, ಬಿಲ್ಲೆಗಳನ್ನು ಊರಿಗೆ ಒಯ್ದ ಮೇಲೆ ಮೇಲ್ಗಡೆ ಬೂದು ಬಿಳುಪು ಕಂಡರೆ ಬೂಷ್ಟು ಅಂತ ಬಿಸಾಡಬೇಡಿ. ಸೆಕೆಗೆ ಕೊಬ್ಬು ಕರಗಿ ಮೇಲೆ ಬಂದು ಮತ್ತೆ ಗಟ್ಟಿಯಾದದ್ದು ಅದು. ಬೆರಳಲ್ಲಿ ಉಜ್ಜಿದರೆ ಕರಗುತ್ತದೆ, ಬೂಷ್ಟಿನ ಹಾಗೆ ನವಿರು ಕೂದಲು ಇರಲ್ಲ. ಬಿಸಿನೀರಿಗೆ ಹಾಕಿದರೆ ಗುರುತೂ ಸಿಗುವುದಿಲ್ಲ.